ಅಂಗೈ ಮೇಲೆ ಬರೆದ ಹೊತ್ತು

ಲ್ಯಾಬಿನ ಅಕ್ಕನ ತುರುಬಿನಲ್ಲಿ ಹೂವಿನ ಜಾಗದಲ್ಲಿ ಯಾವಾಗಲೂ ಒಂದು ನೀಲಿ ಬಾಲ್‌ಪೆನ್ ಇರುತ್ತಿತ್ತು. ಎದೆನೋವು ಎಂದು ಬಂದವರ ರಕ್ತ ತೆಗೆದು, ಹತ್ತಿ ಒತ್ತಿ, ಆ ಪೆನ್ ಕಿತ್ತು, ಎರಡನೇ ಸಲ ರಕ್ತ ಕೊಡಬೇಕಾದ ಹೊತ್ತನ್ನು ಅವರ ಅಂಗೈ ಮೇಲೆಯೇ ಬರೆಯುತ್ತಿದ್ದರು. ಚೀಟಿ ಕೊಟ್ಟರೆ ನಮ್ಮ ಮೂಡಲಗಿ ಮಂದಿ ಅದರಲ್ಲಿ ಎಲೆ ಅಡಿಕೆ ಕಟ್ಟಿಕೊಳ್ಳುತ್ತಾರೆ ಎಂಬುದು ಅವರ ದೂರು. ಸುಳ್ಳೇನೂ ಅಲ್ಲ.

ಹುಕ್ಕೇರಿ ಕಡೆಯವರು. ನಮ್ಮ ಬಟ್ಟೆ ಅಂಗಡಿಯ ಎದುರಿಗೇ ಅವರ ಲ್ಯಾಬ್. ಬೈಯುತ್ತಲೇ ಸೂಜಿ ಚುಚ್ಚುವರು; ಬೈಗುಳ ತಾಕುತ್ತಿತ್ತು, ಸೂಜಿ ತಾಕುತ್ತಿರಲಿಲ್ಲ.

ನನ್ನ ಅಣ್ಣನಿಗೆ ಎದೆ ಹಿಡಿದ ದಿನ ನಾನು ಅವರೊಂದಿಗೆ ಜಗಳಕ್ಕೇ ನಿಂತೆ. ಇಸಿಜಿಯಲ್ಲಿ ಏನೂ ಕಾಣದೆ ಡಾಕ್ಟರು ಟ್ರೊಪೋನಿನ್ ನೋಡಲು ಕಳಿಸಿದ್ದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಇಳಿಯುವ ಅಂಶವಂತೆ ಅದು. ನೆಗೆಟಿವ್ ಬಂತು. ಗ್ಯಾಸ್ ಇರಬೇಕು ಎಂದು ನಾನು ಎದ್ದೆ.

“ಕೂಡ್ರಿ. ಮೂರು ತಾಸ ಬಿಟ್ಟ ಮತ್ತೊಮ್ಮೆ ನೋಡಬೇಕು,” ಎಂದರು.

“ಇಲ್ಲಂತ ಬಂತಲ್ರಿ ಅಕ್ಕಾರ. ಮತ್ತೇನ್ ನೋಡ್ತೀರಿ?”

“ರಕ್ತ ಸುಳ್ಳ ಹೇಳೂದಿಲ್ಲ ತಮ್ಮಾ. ಆದ್ರ ತಡಾ ಮಾಡಿ ಹೇಳತೈತಿ.”

ನಾನು ಬಾಯಿಗೆ ಬಂದಂತೆ ಅಂದೆ. ಅವರು ಮೇಜಿನ ಮೇಲಿದ್ದ ನನ್ನ ಬೈಕಿನ ಚಾವಿ ಎತ್ತಿ ಬಿಳಿ ಕೋಟಿನ ಕಿಸೆಗೆ ಹಾಕಿಕೊಂಡು ಮುಂದಿನವರನ್ನು ಕರೆದರು. ಮೂರು ತಾಸಿನ ನಂತರದ ರಕ್ತದಲ್ಲಿ ಆ ಅಂಶ ಬಂದಿತ್ತು. ಅಣ್ಣನನ್ನು ಬೆಳಗಾವಿಗೆ ಒಯ್ದೆವು. ಮುಚ್ಚಿಹೋದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇವತ್ತೂ ಅವನು ಅಂಗಡಿಯಲ್ಲಿ ಕೂತು ಗಿರಾಕಿಗಳ ಜೊತೆ ವಾದ ಹಾಕುತ್ತಾನೆ.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಣ್ಣನ ರಿಪೋರ್ಟ್ ತರಲು ಹೋಗಿದ್ದೆ. ಅಕ್ಕನ ಮುಖ ಬಾಡಿತ್ತು. ರಿಪೋರ್ಟ್ ಕೊಡುವಾಗ ಅವರ ಎಡ ಅಂಗೈ ಕಂಡಿತು: ಎರಡು ಹತ್ತು.

“ಇದ ಯಾರದ್ರಿ ಅಕ್ಕಾರ?”

“ನಂದ. ಮುಂಜಾನಿಂದ ಬೆನ್ನ ಹಿಡದೈತಿ. ಹನ್ನೊಂದು ಹತ್ತಕ್ಕ ನೋಡೇನಿ, ನೆಗೆಟಿವ್ ಐತಿ.”

“ಡಾಕ್ಟರಿಗೆ ತೋರಸ್ರಿ ಮತ್ತ.”

“ಎರಡನೇದು ನೋಡಿ ಹೋಗತೇನಿ. ತುಕ್ಕಾನಟ್ಟಿಯಾಗ ಒಬ್ಬಾಕಿ ಮುದುಕಿಗೆ ಏಳಾಕ ಬರೂದಿಲ್ಲ. ಅಕೀ ರಕ್ತ ತಗೊಂಡ ಎರಡರೊಳಗ ಬರ್ತೇನಿ.”

ಅವರ ಸ್ಕೂಟಿಯ ಚಾವಿ ಮೇಜಿನ ಮೇಲೆ, ನನ್ನ ಕೈಗೆ ಎಟುಕುವಂತೆ ಬಿದ್ದಿತ್ತು. ನಾನು ಅದನ್ನು ನೋಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇವರಿಗೆ ತಿಳಿಯದ್ದು ನನಗೇನು ತಿಳಿದೀತು ಎಂದುಕೊಂಡು, “ಹುಷಾರ್ರಿ” ಎಂದಷ್ಟೇ ಹೇಳಿ ಬಂದುಬಿಟ್ಟೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುದುಕಿಯ ತೋಳಿಗೆ ಹತ್ತಿ ಒತ್ತಿ, ಅಕ್ಕ ಅವಳು ಮಲಗಿದ್ದ ಹೊರಸಿನ ಪಕ್ಕದಲ್ಲೇ ಕುಸಿದರಂತೆ. ಆ ಮನೆಯವರು ಗಾಡಿ ಮಾಡಿ ಘಟಪ್ರಭಾದ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಉಸಿರು ನಿಂತಿತು. ಆಗ ಇನ್ನೂ ಎರಡು ಗಂಟೆ ಆಗಿರಲಿಲ್ಲ.

ಹುಕ್ಕೇರಿಗೆ ಅಣ್ಣ, ನಾನು ಇಬ್ಬರೂ ಅಕ್ಕನ ಮಣ್ಣಿಗೆ ಹೋದೆವು. ಹಣೆ ತುಂಬ ವಿಭೂತಿ ಬಳಿದಿದ್ದರು. ಮೈ ತೊಳೆದಿದ್ದರೂ ಅಂಗೈಯ ನೀಲಿ ಅಂಕಿ ಪೂರ್ತಿ ಅಳಿಸಿರಲಿಲ್ಲ. “ಅವತ್ತ ಅಕ್ಕಾರ ನಿನ್ನ ಚಾವಿ ಕಸಗೋಳದಿದ್ರ ನಾ ಎಲ್ಲಿರ್ತಿದ್ನೋ,” ಎಂದು ಅಣ್ಣ ನನ್ನ ಹೆಗಲು ಹಿಡಿದು ಅತ್ತ. ಇನ್ನೊಂದು ಚಾವಿಯ ವಿಷಯ ಅವನಿಗೆ ನಾನು ಇವತ್ತಿಗೂ ಹೇಳಿಲ್ಲ.