ಅಂಬಾರಾಯ ಹೇಳದ ಹಾದಿ

ಆಳಂದದ ದೌಲತರಾಯರ ಮನೆಯಲ್ಲಿ ಅಂಬಾರಾಯ ಒಂಬತ್ತು ವರ್ಷ ಮೋಟಾರು ನಡೆಸಿದ್ದ. ಕಡಗಂಚಿಯ ಬಂಡಿ ಹೊಡೆಯುವವರ ಮಗ. ಆ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲಿಗ. ಮೋಟಾರು ಸಂತೆಬೀದಿಗೆ ಬಂದರೆ ಜನ ದಣಿಗಳಿಗೆ ಕೈಮುಗಿದು, ಅವನತ್ತಲೂ ಒಂದು ಸಲ ನೋಡುತ್ತಿದ್ದರು. ಆ ನೋಟ ಅವನಿಗೆ ಸಂಬಳಕ್ಕಿಂತ ಹೆಚ್ಚಾಗಿತ್ತು.

ದಸರೆಯ ಹೊತ್ತಿಗೆ ಹುಲೆಪ್ಪ ಬಂದ. ಬರ್ಮಾದ ಯುದ್ಧದಲ್ಲಿ ಲಾರಿ ನಡೆಸಿದವನು, ಇಪ್ಪತ್ತೇಳರ ಗಂಡಾಳು. ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ. ದಣಿಗಳು ತಂದ ಹೊಸ ಗಾಡಿಯ ಚಾವಿ ಅವನ ಕೈಗೆ ಹೋಯಿತು. ಅಂಬಾರಾಯನಿಗೆ ಹಳೆಯದು ಉಳಿಯಿತು. ಅಂದಿನಿಂದ ಅವನಿಗೆ ಹುಲೆಪ್ಪನ ನಗುವೂ ಸೇರದು, ನಡಿಗೆಯೂ ಸೇರದು.

"ಅವ ನಿಮಗೇನ್ ಮಾಡ್ಯಾನ್ರಿ?" ಎಂದು ಹೆಂಡತಿ ನಿಂಬೆವ್ವ ಕೇಳಿದಳು.

"ಏನೂ ಮಾಡಿಲ್ಲ. ಅದಕ್ಕೇ ಹೊಟ್ಟಿ ಉರೀತದ."

ಅದಕ್ಕೂ ಮೊದಲು, ನಲವತ್ತೇಳರ ಆಗಸ್ಟಿನಲ್ಲಿ ಬ್ರಿಟಿಷರು ಹೋಗಿ ಸೊಲ್ಲಾಪುರ ಬೇರೆ ದೇಶವಾಗಿತ್ತು. ಆಳಂದ ನಿಜಾಮರ ಕೈಯಲ್ಲೇ ಉಳಿದು, ನಡುವೆ ಗಡಿಯ ನಾಕಾ ಬಿದ್ದಿತ್ತು. ಸೊಲ್ಲಾಪುರದ ಅರಿವೆ ವ್ಯಾಪಾರಿ ಕಲ್ಯಾಣಪ್ಪನವರೂ ದೌಲತರಾಯರೂ ಹಳೆಯ ಗೆಳೆಯರು. ನಾಕಾ ಬಿದ್ದರೇನು, ಗೆಳೆತನ ಬಿಡಲಾದೀತೇ ಎಂದು ಇಬ್ಬರೂ ಓಡಾಡಿ ಪರವಾನಗಿ ತಂದು, ಎಳ್ಳಮಾಸಿ ಹಬ್ಬದ ಮರುದಿನ ಎರಡು ದೇಶಗಳ ಸ್ನೇಹದ ಮೋಟಾರು ಓಟ ಇಟ್ಟರು. ಆ ಕಡೆಯ ಮೂರು ಗಾಡಿ, ಈ ಕಡೆಯ ಮೂರು ಗಾಡಿ. ಆಳಂದದಿಂದ ಚೌಡಾಪುರ, ಅಫಜಲಪುರದ ಮೇಲೆ ಜೇವರ್ಗಿಗೆ. ಯಾವ ತಂಡದ ಮೂರೂ ಗಾಡಿ ಮೊದಲು ಮುಟ್ಟುತ್ತವೋ ಆ ತಂಡ ಗೆದ್ದಂತೆ.

ದಣಿಗಳು ಹುಲೆಪ್ಪನ ಪಕ್ಕ ಕುಳಿತರು. ಅಂಬಾರಾಯನ ಗಾಡಿಗೆ ರೊಟ್ಟಿಯ ಗಂಟು, ಪೆಟ್ರೋಲ್ ಡಬ್ಬಿ, ಹೆಚ್ಚಿನ ಗಾಲಿ. ಚೌಡಾಪುರದಲ್ಲಿ ಜನ ಹಾದಿಗೆ ಬಂದು ಹೂ ಎರಚಿದರು. ಹೂವೆಲ್ಲ ಮುಂದಿನ ಗಾಡಿಗೆ ಬಿದ್ದವು; ಅಂಬಾರಾಯನ ಪಾಲಿಗೆ ಬಂದದ್ದು ಅದರ ಧೂಳು.

ಅಫಜಲಪುರ ದಾಟಿ ಭೀಮೆಯ ದಂಡೆಗೆ ಬಂದಾಗ ಅವರ ತಂಡವೇ ಮುಂದಿತ್ತು. ನೀರು ಮೊಣಕಾಲುದ್ದ. ಹುಲೆಪ್ಪ ಗಾಡಿ ನಿಲ್ಲಿಸಿ ಅಂಬಾರಾಯನ ಬಳಿಗೆ ನಡೆದು ಬಂದ.

"ಅಣ್ಣಾ, ನಿಮ್ಮ ಅತ್ತಿ ಮನಿ ಈ ದಂಡೀಗೇ ಅದಂತಲ್ರಿ. ಯಾವ ಕಡಿಂದ ಇಳಸ್ಲಿ?"

ಅಂಬಾರಾಯನಿಗೆ ಗೊತ್ತಿತ್ತು. ಮಳೆಗಾಲದ ನೆರೆಯ ನಂತರ ಬಂಡಿಗಳು ಹಳೆಯ ಹಾದಿ ಬಿಟ್ಟು ಕೆಳಗಿನ ಕರಿಬಂಡೆಯ ಪಕ್ಕ ದಾಟುತ್ತಿದ್ದವು. ಹದಿನೈದು ದಿನದ ಹಿಂದೆ ಅವನೇ ಅಲ್ಲಿ ದಾಟಿದ್ದ.

"ಬರ್ಮಾದಾಗ ನದಿ ದಾಟ್ಸಿದಾವ್ಗ ನಾ ಏನ್ ಹೇಳ್ಲಿ? ನೀನೇ ನೋಡ್ಕೋ" ಎಂದ.

ಹುಲೆಪ್ಪ ಹಳೆಯ ಹಾದಿಗೇ ಇಳಿಸಿದ. ನಡುನೀರಿನಲ್ಲಿ ಹೊಸ ಗಾಡಿಯ ಹಿಂದಿನ ಗಾಲಿಗಳು ಉಸುಕಿನಲ್ಲಿ ಹೂತವು. ದಂಡೆಯ ಮೇಲಿದ್ದ ಅಂಬಾರಾಯನಿಗೆ ಒಂದು ಗಳಿಗೆ ಎದೆ ಹಗುರಾಯಿತು.

ಅಷ್ಟರಲ್ಲಿ ಸೊಲ್ಲಾಪುರದವರು ಬಂದರು. ಮನಸ್ಸು ಮಾಡಿದ್ದರೆ ಸುತ್ತು ಹಾಕಿ ಮುಂದೆ ಹೋಗಬಹುದಿತ್ತು. ಕಲ್ಯಾಣಪ್ಪನವರು ಕೋಟು ಕಳಚಿಟ್ಟು, ಧೋತರ ಎತ್ತಿ ಕಟ್ಟಿ ನೀರಿಗೇ ಇಳಿದರು. ಅವರ ಹಿಂದೆ ಅವರ ಡ್ರೈವರುಗಳೂ ಇಳಿದರು. ಅಂಬಾರಾಯನೂ ಹೋಗಿ ಹೆಗಲು ಕೊಟ್ಟ. ಗಾಡಿ ಎಳೆಯಲು ಎತ್ತು ತಂದ ರೈತ, "ಕರಿಬಂಡಿ ಬಾಜೂಕ ದಾಟ್ರಿ, ಅಲ್ಲಿ ಗಟ್ಟಿ ಅದ" ಎಂದಾಗ ಅಂಬಾರಾಯ ಮುಖ ಆಚೆ ತಿರುಗಿಸಿದ.

ಆರೂ ಗಾಡಿಗಳು ಒಟ್ಟಿಗೇ ಜೇವರ್ಗಿ ಮುಟ್ಟಿದವು. ಗೆದ್ದವರಿಲ್ಲ, ಸೋತವರಿಲ್ಲ ಎಂದು ಎಲ್ಲರೂ ನಕ್ಕರು. ದೌಲತರಾಯರು ಮಾತ್ರ ನಗಲಿಲ್ಲ.

"ಕೇಳಿ ಇಳಸಬೇಕಿತ್ತಿಲ್ಲೋ ಹುಲೆಪ್ಪ?"

ಹುಲೆಪ್ಪ ಅಂಬಾರಾಯನನ್ನು ಒಂದು ಸಲ ನೋಡಿದ. "ನಂದೇ ತಪ್ಪಾತ್ರಿ, ದಣೀ."

ಮರುದಿನ ಎಲ್ಲರೂ ತಿರುಗಿ ಆಳಂದಕ್ಕೆ ಹೊರಟಾಗ ಹೊಸ ಗಾಡಿಯ ಚಾವಿ ಅಂಬಾರಾಯನಿಗೆ ಬಂತು. ಬೇಕಾದದ್ದು ಕೈಗೆ ಸಿಕ್ಕಿತ್ತು. ಆದರೆ ಚೌಡಾಪುರದಲ್ಲಿ ಚಹಕ್ಕೆ ನಿಂತಾಗ ಸೊಲ್ಲಾಪುರದ ಡ್ರೈವರುಗಳೆಲ್ಲ ಹುಲೆಪ್ಪನ ಸುತ್ತ ಕುಳಿತಿದ್ದರು. ಒಬ್ಬ ಅವನ ಬಶಿಗೆ ಚಹ ಸುರಿಯುತ್ತಿದ್ದ, ಇನ್ನೊಬ್ಬ ಹೆಗಲ ಮೇಲೆ ಕೈ ಹಾಕಿದ್ದ. ಅಂಬಾರಾಯನನ್ನು ಯಾರೂ ಕರೆಯಲಿಲ್ಲ. ಅವನ ಹೊಟ್ಟೆ ಮತ್ತೆ ಉರಿಯಿತು, ನಿನ್ನೆಗಿಂತ ಹೆಚ್ಚಾಗಿ.

ಗಾಡಿ ಮತ್ತೆ ಹಾದಿಗೆ ಬಿದ್ದ ಮೇಲೆ ಅವನು ತಾನಾಗಿಯೇ ಬಾಯಿಬಿಟ್ಟ. "ದಣೀ, ಹುಲೆಪ್ಪ ನನಗ ಕೇಳಿದ್ದರಿ. ಗಟ್ಟಿ ಜಾಗ ಗೊತ್ತಿದ್ದೂ ನಾ ಹೇಳ್ಲಿಲ್ಲ."

"ಯಾಕಲೇ?"

"ಈ ಸೀಟಿನ ಸಲುವಾಗ್ರಿ."

ದೌಲತರಾಯರು ಆಳಂದದಲ್ಲಿ ಇಳಿಯುವಾಗ ಕೈ ಚಾಚಿ ಚಾವಿ ಇಸಿದುಕೊಂಡು ಹುಲೆಪ್ಪನಿಗೆ ಕೊಟ್ಟರು.

ಹುಲೆಪ್ಪ ಅದನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ತಿಂಗಳೊಳಗೆ ಕಲ್ಯಾಣಪ್ಪನವರು ಅವನನ್ನು ಸೊಲ್ಲಾಪುರಕ್ಕೆ ಕೆಲಸಕ್ಕೆ ಕರೆಸಿಕೊಂಡರು. ನಡೆಸಲು ಬೇರೆ ಯಾರೂ ಇಲ್ಲದೆ ಹೊಸ ಗಾಡಿ ಅಂಬಾರಾಯನಿಗೇ ಬಂತು. ಬೇಸಿಗೆಗೆ ನಾಕಾ ದಾಟಿ ಪೆಟ್ರೋಲು ಬರುವುದು ನಿಂತು, ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ಅವನು ದಿನಾ ಮುಂಜಾನೆ ಅದನ್ನು ಒರೆಸುತ್ತಿದ್ದ.

ಒಂದು ದಿನ ನಾಕಾದ ಆಚೆಯಿಂದ ಬಂದವನೊಬ್ಬ, "ಹುಲೆಪ್ಪ ನಿಮಗ ಶರಣು ಹೇಳ್ಯಾನ್ರಿ. ಆರಾಮ ಅದಾರೇನು ಅಂತ ಕೇಳ್ದ" ಎಂದ.

ಅಂಬಾರಾಯ ಒರೆಸುವ ಬಟ್ಟೆ ಹಿಂಡಿದ.

"ಈಗ ಯಾವ ಗಾಡಿ ಹೊಡೀತಾನ ಅವ?"