ಗೋಡೆಗೆ ಮುಖ ಮಾಡಿದ ಬೆಕ್ಕು

ಲತಾಶ್ರೀಗೆ ಅನುಮಾನವೇ ಉದ್ಯೋಗ. ಅಮೆರಿಕದ ವಿಕ್ಸಮ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು ಮಾಡುವ ಎಂಜಿನಿಯರ್ ಆಕೆ. ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಅವಳ ಕಣ್ಣು ಕಿರಿದಾಗುತ್ತದೆ. ಈ ಚಾಳಿ ಮನೆಗೂ ಬಂದಿತ್ತು. ಹಾಲಿನ ಡಬ್ಬಿಯ ತಾರೀಖನ್ನು ಅಂಗಡಿಯಲ್ಲೊಮ್ಮೆ, ಮನೆಯಲ್ಲೊಮ್ಮೆ ನೋಡುವಳು. ಶಿಕಾಗೋ ಬಳಿಯ ಲೆಮಾಂಟ್‌ನ ಗುಡಿಗೆ ಹಬ್ಬಕ್ಕೆ ಹೋದಾಗ ಪ್ರಸಾದದ ಪುಳಿಯೋಗರೆಯನ್ನೂ ಮೂಸಿ ಗಂಡನಿಂದ ಬೈಸಿಕೊಂಡಿದ್ದಳು.

ಪಕ್ಕದೂರು ನೋವೈಯ ಜಪಾನಿ ಕುಟುಂಬವೊಂದು ಸ್ವದೇಶಕ್ಕೆ ಮರಳುವಾಗ ಸಾಮಾನು ಮಾರಾಟಕ್ಕಿಟ್ಟಿತ್ತು. ಅಲ್ಲಿ ಅವಳಿಗೊಂದು ಬೆಕ್ಕಿನ ಚಿತ್ರ ಸಿಕ್ಕಿತು. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣಕ್ಕೊಂದು ಹಲಗೆಯಂತೆ ಕಾಗದದ ಮೇಲೆ ಒತ್ತಿ ತೆಗೆದ ಚಿತ್ರ. ಕೊರಳಿಗೆ ಕೆಂಪು ಬಟ್ಟೆ, ಮೋಟು ಬಾಲ, ದಾರಿ ದಾಟಿ ಹೋಗುತ್ತಿರುವ ನಡಿಗೆ. ಝೆರಾಕ್ಸ್ ಇರಬೇಕೆಂದು ಇವಳ ಗುಮಾನಿ. ಕಾಗದ ತಿರುಗಿಸಿ ಬೆಳಕಿಗೆ ಹಿಡಿದರೆ ಕೈಯಿಂದ ಉಜ್ಜಿದ ಗುರುತು, ಹಿಂಬದಿಗೆ ಇಳಿದ ಬಣ್ಣ ಕಂಡವು; ಕೈಯಚ್ಚೇ ಸರಿ. ಬಾಲ ಅಚ್ಚಿನಲ್ಲಿ ತುಂಡಾಗಿದೆಯೆಂದು ತಕರಾರು ತೆಗೆದಳು. ಹಳೆಯ ಜಪಾನಿ ಚಿತ್ರಗಳ ಬೆಕ್ಕುಗಳಿಗೆ ಎಷ್ಟೋ ಸಲ ಬಾಲ ಅಷ್ಟೇ ಎಂದು ಮನೆಯಾಕೆ ನಕ್ಕಳು. ಅದನ್ನೂ ಫೋನಿನಲ್ಲಿ ಹುಡುಕಿ ನೋಡಿಯೇ ಕೊಂಡಳು.

ಗರಾಜಿಗೆ ಹೋಗುವ ಬಾಗಿಲ ಪಕ್ಕ ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದಳು. ಆಮೇಲೆ ಶುರುವಾಯಿತು ನೋಡಿ. ಸಂಜೆ ಕೆಲಸದಿಂದ ಬಂದರೆ ಚಿತ್ರ ಗೋಡೆಗೆ ಮುಖ ಮಾಡಿರುತ್ತಿತ್ತು. ಸರಿಮಾಡಿದರೆ ಕೆಲವು ದಿನ ಬಿಟ್ಟು ಮತ್ತೆ ಹಾಗೆಯೇ.

ಅವಳ ಗಂಡ ಉಪೇಂದ್ರ ಶಕುನವೆಂದರೆ ಗಹಗಹಿಸಿ ನಗುವವನು. ಮನೆಯಲ್ಲಿದ್ದ ಇನ್ನೊಬ್ಬರು ಧಾರವಾಡದಿಂದ ಬಂದಿದ್ದ ಅತ್ತೆ ಶಾಂತವ್ವ. ಇನ್ನು ಯೋಚಿಸುವುದೇನಿದೆ? ಊಟಕ್ಕೆ ಕುಳಿತಾಗ ಲತಾಶ್ರೀ ಬೇಕೆಂದೇ ಬೆಕ್ಕಿನ ಮಾತು ತೆಗೆದು ಅತ್ತೆಯ ಮುಖ ಗಮನಿಸತೊಡಗಿದಳು. ಅನುಮಾನ ತನ್ನ ಮೇಲೆಯೇ ಎಂದು ಹಿರಿಯ ಜೀವಕ್ಕೆ ತಿಳಿಯದೆ ಇರುತ್ತದೆಯೇ?

“ಊರಾಗ ಮೂರು ಬೆಕ್ಕು ಸಾಕೇನಿ,” ಎಂದು ಶಾಂತವ್ವ ಒಂದು ರಾತ್ರಿ ತಟ್ಟೆ ಸರಿಸಿದರು. “ಜೀವಂತ ಬೆಕ್ಕಿಗೆ ಅಂಜದಾಕಿ ಕಾಗದದ ಬೆಕ್ಕಿಗೆ ಅಂಜ್ತೀನೇನು? ಟಿಕೆಟ್ ತಗಸು, ನಾ ಊರಿಗೆ ಹೋಗ್ತೀನಿ.”

ಲತಾಶ್ರೀಗೆ ನಾಚಿಕೆಯಾಯಿತು. ಆದರೂ ಅನುಮಾನ ಬಿಡಲಿಲ್ಲ. ಅತ್ತೆ ನಿಜವಾಗಿ ಹೊರಟುಬಿಡುವ ಮೊದಲು ಸತ್ಯ ತಿಳಿಯಲೇಬೇಕಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ಗಂಡನಿಗಿಂತ ಮೊದಲೇ ಹೊರಟವಳು, ಬಡಾವಣೆಯ ತುದಿಯಲ್ಲಿ ಕಾರು ನಿಲ್ಲಿಸಿ, ಮುಂಬಾಗಿಲಿನಿಂದ ಸದ್ದಿಲ್ಲದೆ ಒಳಬಂದು ಮರೆಯಲ್ಲಿ ನಿಂತಳು.

ಉಪೇಂದ್ರ ಕೆಳಗಿಳಿದು ಬಂದ. ಟಿ-ಶರ್ಟಿನಲ್ಲೇ ಆಫೀಸಿಗೆ ಹೋಗುವವನ ಮೈಮೇಲೆ ಸೂಟು. ಚಿತ್ರವನ್ನು ಗೋಡೆಗೆ ತಿರುಗಿಸಿದ. ಬೂಟು ಹಾಕುವ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತ. ಆಮೇಲೆ ಒಂದು ಲೋಟ ನೀರು ಕುಡಿದ. ಬೆಕ್ಕು ಅಡ್ಡ ಬಂದರೆ ಊರಿನಲ್ಲಿ ಮಾಡುವುದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದ.

“ಎಲ್ಲಿಗ್ರಿ?” ಎಂದಳು.

ಅವನು ಸುಳ್ಳು ಹೇಳಲಿಲ್ಲ. ಚಿತ್ರ ಬರುವ ಮೊದಲೇ ಕೆಲಸ ಹೋಗಿತ್ತು. ಆಫೀಸೆಂದು ಹೊರಟು ಲೈಬ್ರರಿಯಲ್ಲಿ ಕೂರುತ್ತಿದ್ದ. ಈ ಬೆಕ್ಕನ್ನು ನೋಡಿ ಹೊರಟ ಮೊದಲ ಇಂಟರ್‌ವ್ಯೂ ಕೈತಪ್ಪಿತು. ಅಂದಿನಿಂದ ಇಂಟರ್‌ವ್ಯೂ ಇದ್ದ ದಿನವೆಲ್ಲ ಹೀಗೆ. ಇವತ್ತು ಶಿಕಾಗೋ ಹತ್ತಿರದ ಲೈಲ್‌ವರೆಗೆ ಡ್ರೈವ್ ಮಾಡಬೇಕಿತ್ತು.

ಲತಾಶ್ರೀ ಅವನ ಸೂಟನ್ನೊಮ್ಮೆ, ಗೋಡೆಗೆ ತಿರುಗಿದ ಬೆಕ್ಕನ್ನೊಮ್ಮೆ ನೋಡಿದಳು.

“ಹಾಲಿನ ಡಬ್ಬಿ ನಂಬಲಿಲ್ಲ, ನಿಮ್ಮ ಅವ್ವನ್ನ ನಂಬಲಿಲ್ಲ. ಕಣ್ಣು ಮುಚ್ಚಿ ನಂಬಿದ್ದು ನಿಮ್ಮೊಬ್ಬರನ್ನ.”

ಅವಳು ಬೆಕ್ಕನ್ನು ತಿರುಗಿಸದೆ ಹಾಗೆಯೇ ಬಿಟ್ಟು, ಕ್ಷಮೆ ಕೇಳಲು ಅತ್ತೆಯ ಕೋಣೆಯ ಕಡೆ ನಡೆದಳು.