ಗಾಜಿನ ಮೇಲೆ ನಿಲ್ಲದ ಕಾಲು

ಮಗು ಕುಂಟುತ್ತಿದೆಯೋ, ತನಗೇ ಹಾಗೆ ಕಾಣುತ್ತಿದೆಯೋ ಎಂಬ ಅನುಮಾನ ನಾಲ್ಕು ದಿನದಿಂದ ರೂಪಶ್ರೀಯನ್ನು ಬಿಟ್ಟಿರಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಮೂರು ವರ್ಷದ ಮಗಳು ಮಧುಶ್ರೀಯನ್ನು ಗಾಜಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ಬೆಳಕು ಬಿಟ್ಟು, ಪಾದದ ಚಿತ್ರ ತೆಗೆದು ಕೊಟ್ಟ ಹೊಸ ಬೂಟು ಅವಳ ಕಾಲಲ್ಲಿತ್ತು. ಚಿತ್ರದಲ್ಲಿ ಎಡಪಾದ ಸರಿಯಿಲ್ಲವಂತೆ. ಇದು ಸಾಲದು, ಅದಕ್ಕೆ ಬೇರೆ ವಿಶೇಷ ಬೂಟೇ ಮಾಡಿಸಬೇಕಂತೆ. ಆ ಆರ್ಡರಿಗೆ ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕಂತೆ. ಇಷ್ಟೆಲ್ಲ ಹೇಳಿದವಳು ಬಿಲ್ಲು ಹರಿಯುವ ಹುಡುಗಿ!

"ಬೂಟು ಮಾರೋರು ಯಾವಾಗ ಡಾಕ್ಟರಾದ್ರು? ನಡಿ, ರಹಮಾನ್ ಸಾಬ್ರಿಗೆ ತೋರ್ಸವ," ಎಂದು ಅತ್ತೆ ಚಾಮುಂಡಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡರು.

ಹುಣಸೂರಿನ ಬಜಾರಿನ ಕೊನೆಯಲ್ಲಿ ಅಬ್ದುಲ್ ರಹಮಾನರ ಅಂಗಡಿ, ಬೀರುವಿನಷ್ಟೇ ಅಗಲ. ಐವತ್ತು ವರ್ಷ ಚಪ್ಪಲಿ ಹೊಲಿದ ಮನುಷ್ಯ, ಬಂದವರ ಮುಖಕ್ಕಿಂತ ಮೊದಲು ಪಾದ ನೋಡುತ್ತಿದ್ದರು. ಗೋಡೆಯ ಮೊಳೆಗೆ ಹಳೇ ಪೇಪರುಗಳ ಕಟ್ಟು. ಒಂದೊಂದರಲ್ಲೂ ಪೆನ್ಸಿಲ್ಲಿನಲ್ಲಿ ಗೀಚಿದ ಪಾದ, ಪಕ್ಕದಲ್ಲಿ ಹೆಸರು. ಗುರುಪುರದ ರೈತರು, ವೀರನಹೊಸಹಳ್ಳಿಯ ಫಾರೆಸ್ಟ್ ವಾಚರುಗಳು. ಸತ್ತವರ ಪಾದವನ್ನೂ ಅವರು ಕಿತ್ತು ಹಾಕಿರಲಿಲ್ಲ.

ಸಂಗತಿ ಕೇಳಿ ಸಾಬರು ಮೂಗು ಮುರಿದರು. "ಫೋಟೋನಾ? ನಮ್ಮ ಅಬ್ಬಾ ಬೊಂಬಾಯಲ್ಲಿ ಕೆಲಸಕ್ಕಿದ್ದ ಅಂಗಡೀಲಿ ಎಕ್ಸರೇ ಪೆಟ್ಟಿಗೇನೇ ಇತ್ತಂತೆ ಕಣಮ್ಮ. ಬೂಟಿನೊಳಗೆ ಮೂಳೆ ಕಾಣೋದು. ಗಿರಾಕಿಗಳು ವಾಹ್ ವಾಹ್ ಅನ್ನೋರು, ಬೂಟು ಮನೆಗೆ ಹೋದ್ಮೇಲೆ ಕಚ್ಚೋದು. ಆ ಬೆಳಕು ಮೈಗೆ ಕೆಟ್ಟದ್ದು ಅಂತ ಗೊತ್ತಾದ್ಮೇಲೆ ಸೇಠು ಪೆಟ್ಟಿಗೆ ಬರಿದು ಮಾಡಿ ಕೋಳಿ ಕೂಡಿದ."

"ಕೋಳಿಗಳಾದ್ರೂ ಅಳತೆ ಸರಿಯಾಗಿದೆ ಅಂದ್ವಾ?" ಅತ್ತೆ ಕೇಳಿದರು.

"ಇದು ಎಕ್ಸರೇ ಅಲ್ಲ, ಬರೀ ಕ್ಯಾಮೆರಾ," ರೂಪಶ್ರೀ ರೇಗಿದಳು. ಪೆನ್ಸಿಲ್ ಹಿಡಿದವರ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಬೇಕೇ?

"ಆಯ್ತು ಬುಡಿ. ಅಲ್ಲಿ ಮಗೂನ ಹೆಂಗೆ ನಿಲ್ಸಿದ್ರಿ, ತೋರ್ಸಿ."

ರೂಪಶ್ರೀ ಬೂಟು ಬಿಚ್ಚಿ, ಮಗಳ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದಳು. ಗಾಜು ಒಡೆದರೆ? ಮಗು ಜಾರಿದರೆ? ಎಂದು ಹೆದರಿ ಅಲ್ಲಿಯೂ ಹೀಗೇ ಬಿಗಿಯಾಗಿ ಹಿಡಿದಿದ್ದಳು. ಮಧುಶ್ರೀಯ ಎಡಗಾಲು ನೆಲದಿಂದ ಒಂದು ಬೆರಳು ಮೇಲೆ ನೇತಾಡುತ್ತಿತ್ತು.

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೇತಾಡೋ ಕಾಲಿನ ಅಳತೆ ತಗೊಂಡು ರೋಗ ಬೇರೆ ಹೇಳ್ತಂತಾ ಆ ಮಿಷನ್ನು! ಕೈ ಬಿಡಮ್ಮ."

ಕೈ ಬಿಡಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಮಗು ಸಾಬರು ಹಾಸಿದ ಪೇಪರಿನ ಮೇಲೆ ಗಟ್ಟಿಯಾಗಿ ನಿಂತಿತು, ಪೆನ್ಸಿಲ್ಲಿನ ಕಚಗುಳಿಗೆ ಕಿಲಕಿಲ ನಕ್ಕಿತು. ಗೀಚಿದ ಎಡಪಾದದ ಮೇಲೆ ಸಾಬರು ಆ ಹೊಸ ಬೂಟನ್ನಿಟ್ಟರು. ಬೆರಳ ತುದಿಗಳಷ್ಟೂ ಹೊರಗೇ ಉಳಿದವು.

"ಕಾಲು ಚೆನ್ನಾಗೈತೆ. ಬೆರಳು ಮಡಚ್ಕೊಂಡು ನಡೀತಿತ್ತು, ಪಾಪ."

ಬರಿಗಾಲಲ್ಲಿ ಮಧುಶ್ರೀ ಆಗಲೇ ಎದುರಿನ ಅಂಗಡಿವರೆಗೂ ಓಡಿದ್ದಳು, ಒಂಚೂರೂ ಕುಂಟದೆ.

ರೂಪಶ್ರೀ ಮೈಸೂರಿನ ಅಂಗಡಿಗೆ ಫೋನು ಮಾಡಿದಳು.

"ಮೇಡಂ, ಸ್ಕ್ಯಾನಲ್ಲಿ ಎಲ್ಲಾ ಕ್ಲಿಯರ್ ಆಗಿದೆಯಲ್ಲಾ?" ಎಂದಿತು ಆ ಕಡೆಯ ದನಿ.

"ಮಗು ಕಂಕುಳಲ್ಲಿ ನನ್ನೆರಡು ಕೈ ಇತ್ತಲ್ಲ, ಅದು ಕ್ಲಿಯರಾಗಿ ಬಂದಿದೆಯಾ ನೋಡಿ. ನಿಮ್ಮ ವಿಶೇಷ ಬೂಟು ನಮಗೆ ಬೇಡ."